ನಲವತ್ತು ಸೆಕೆಂಡಿನ ಸಂಸಾರ

"ಮದ್ವೆ ಆಗಿದ್ದು ಹಾಳಾಗ್ಲಿ, ಮಗು ಆಗಿದ್ದನ್ನಾದ್ರೂ ಹೇಳ್ಬಾರ್ದೇನೋ ನಂಗೆ?"

ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಮ್ಮನ ಫೋನು. ನಾನಿನ್ನೂ ಹಲೋ ಕೂಡ ಅಂದಿರಲಿಲ್ಲ.

"ಯಾರಿಗೆ ಮಗು ಆಗಿದೆ ಚಿಕ್ಕಮ್ಮಾ?"

"ನಿಂಗೆ ಕಣೋ!"

"ನಂಗಾ?"

"ನಾಲ್ಕು ವರ್ಷದ್ದಂತೆ. ಗಂಡೋ ಹೆಣ್ಣೋ ಗೊತ್ತಾಗ್ತಿಲ್ವಂತೆ, ದನಿ ಮಾತ್ರ ಕೇಳುತ್ತಂತೆ."

ನನಗೆ ಇಪ್ಪತ್ತು. ನಾಲ್ಕು ವರ್ಷದ ಮಗು ಅಂದರೆ ಲೆಕ್ಕ ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೋಗಿ ನಿಲ್ಲುತ್ತದೆ. ಆ ವರ್ಷ ನಾನು ಗಣಿತ ಬಿಟ್ಟರೆ ಬೇರೆ ಯಾವ ಸಾಹಸಕ್ಕೂ ಕೈ ಹಾಕಿದ ನೆನಪಿಲ್ಲ. ಅದರಲ್ಲೂ ಪಾಸಾಗಿದ್ದು ಕೂದಲೆಳೆಯಲ್ಲಿ.

"ಅಷ್ಟೇ ಆಗಿದ್ರೆ ನುಂಗ್ಕೋತಿದ್ದೆ. ಕಟ್ಕೊಂಡೋಳನ್ನ ಮಾತಾಡ್ಸಲ್ವಂತೆ ನೀನು! ಆ ಹುಡುಗಿ 'ರೀ, ಏನಾದ್ರೂ ಹೇಳ್ರೀ' ಅಂತ ಬಡ್ಕೋತಾಳಂತೆ. ಮಗು 'ಅಪ್ಪಾ, ಅಪ್ಪಾ' ಅನ್ನುತ್ತಂತೆ. ನೀನು ಬಾಯಿಗೆ ಬೀಗ ಜಡ್ಕೊಂಡು ಕೂತಿರ್ತೀಯಂತೆ. ಕೆಮ್ಮೋ ಮುದುಕನೊಬ್ಬ ಬೇರೆ ಇದಾನಂತೆ. ನಿಮ್ಮಪ್ಪ ಹೋಗಿ ಹದಿನಾಲ್ಕು ವರ್ಷ ಆಯ್ತು, ಅಂದ್ಮೇಲೆ ಅವನು ನಿನ್ನ ಮಾವನೇ ಇರ್ಬೇಕು! ಮಾವನ್ನ ಮನೇಲಿಟ್ಕೊಂಡು ಸಾಕ್ತೀಯ, ನನ್ನ ಒಂದಿನ ಬಾ ಅಂತ ಕರೆದಿಲ್ಲ!"

"ಯಾರು ಹೇಳಿದ್ದು ಇದನ್ನೆಲ್ಲಾ?"

"ನಿನ್ನ ಮನೆ ಓನರು, ಇನ್ಯಾರು? ಎರಡು ಗಂಟೆಗೆ ಅಲ್ಲಿಗೆ ಬರೋ ಬಸ್ಸಲ್ಲಿ ಬರ್ತಿದೀನಿ. ಮಗೂಗೆ ಏನ್ ತರ್ಲಿ?"

"ಮಗು ಇಲ್ಲ ಚಿಕ್ಕಮ್ಮಾ."

"ಯಾಕೆ, ಆಟಕ್ಕೆ ಹೋಗಿದ್ಯಾ?"

ಫೋನು ಕಟ್ಟಾಯಿತು. ಅಪ್ಪ ಅಮ್ಮ ಇಲ್ಲದ ನನ್ನನ್ನು ಆರನೇ ವಯಸ್ಸಿನಿಂದ ಸಾಕಿದವಳು ಈ ಚಿಕ್ಕಮ್ಮ. ಆಸ್ಪತ್ರೆಯಲ್ಲಿ ನರ್ಸು. ಎಂಥ ಘಟಾನುಘಟಿ ರೋಗಿಯೂ ಅವಳೆದುರು ಸುಳ್ಳು ಹೇಳುವುದಿಲ್ಲ. ಹೇಳಿದವನಿಗೆ ಆ ದಿನ ಸೂಜಿ ಸ್ವಲ್ಪ ದಪ್ಪದ್ದು ಬರುತ್ತದೆ.

ಇಷ್ಟಕ್ಕೂ ನನ್ನ ಸಂಸಾರ ಹುಟ್ಟಿದ್ದು ಕಾಲೇಜಿನ ಕ್ಯಾಂಟೀನಿನಲ್ಲಿ, ಒಂದು ಬಡಾಯಿಯಿಂದ.

ನಾವು ಓದುವುದು ಸಿನಿಮಾ. ವರ್ಷದ ಕೊನೆಗೆ ಗುಂಪಿಗೊಂದು ಕಿರುಚಿತ್ರ ಮಾಡಬೇಕು. ನಮ್ಮ ಗುಂಪಿನ ಡೈರೆಕ್ಟರು, ಸದಾ ತಲೆಗೆ ಟೋಪಿ ಹಾಕಿಕೊಂಡಿರುವ ಹುಡುಗಿ, ಬರೆದ ಕಥೆ ಇಷ್ಟೇ: ಅಪ್ಪ, ಅಮ್ಮ, ತಾತ, ಅತ್ತೆ, ಮಗು, ಐದು ಜನ ಊಟಕ್ಕೆ ಕೂತಿದ್ದಾರೆ. ಗಲಗಲ ಮಾತು. ಅಪ್ಪ ಇದ್ದಕ್ಕಿದ್ದಂತೆ "ನನ್ನ ಕೆಲಸ ಹೋಯ್ತು" ಅನ್ನುತ್ತಾನೆ. ಆಮೇಲೆ ನಲವತ್ತು ಸೆಕೆಂಡು ಯಾರೂ ಏನೂ ಮಾತಾಡುವುದಿಲ್ಲ. ಸಿನಿಮಾ ಮುಗಿಯಿತು. ಶೂಟಿಂಗ್ ದಿನ ಪಕ್ಕದ ಕಟ್ಟಡದಲ್ಲಿ ಜನರೇಟರ್ ಗುಡುಗುತ್ತಿದ್ದರಿಂದ ಚಿತ್ರ ಉಳಿಯಿತು, ಶಬ್ದ ಪೂರಾ ಹಾಳಾಯಿತು. ಸೌಂಡು ನನ್ನ ಜವಾಬ್ದಾರಿ. ಕ್ಲಾಸಿನಲ್ಲಿ ನನ್ನ ಹೆಸರೇ ಸೌಂಡು. ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡಿ ಕೂರಿಸಬೇಕಾಯಿತು. ನಟಿಸಿದವರು ಮತ್ತೆ ಸಿಗುವ ಹಾಗಿರಲಿಲ್ಲ.

"ಅಷ್ಟು ಜನದ ದನಿ ಎಲ್ಲಿಂದ ತರೋಣ?" ಎಂದು ಅವಳು ತಲೆ ಮೇಲೆ ಕೈ ಹೊತ್ತು ಕೂತಳು. ಉಳಿದವರು ನಮ್ಮಣ್ಣ ಹಾಗೆ, ನಮ್ಮ ಅಜ್ಜಿ ಹೀಗೆ ಅಂತ ಮನೆಪುರಾಣ ಬಿಚ್ಚಿದ್ದರು. ನನಗೂ ಏನಾದರೂ ಹೇಳಬೇಕು ಅನ್ನಿಸಿತು.

"ನಮ್ಮನೆ ಅಂದ್ರೆ ಸಂತೆ. ಊಟಕ್ಕೆ ಕೂತ್ರೆ ಐದು ಜನಕ್ಕೆ ಕಮ್ಮಿ ಇಲ್ಲ. ಅವ್ರ ಕೈಲೇ ಮಾಡಿಸ್ಬಿಡ್ತೀನಿ, ಬಿಡು!" ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಸಂತೆಯಂಥ ಮನೆಯ ವಿವರ ಇಂತಿದೆ: ಮಹಡಿ ಮೇಲೆ ಒಂದು ಕೋಣೆ, ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ. ತಟ್ಟೆ ಮಾತ್ರ ಎರಡಿದ್ದವು. ಒಂದು ಇನ್ನೊಂದಕ್ಕೆ ಮುಚ್ಚಳ. ಊಟಕ್ಕೆ ಕೂತರೆ ಎದುರಿಗೆ ಗೋಡೆ. ಭಾನುವಾರ ಬೆಳಿಗ್ಗೆ ಬಾಯಿ ಬಿಟ್ಟರೆ ಗಂಟಲಿನಿಂದ ಶನಿವಾರದ ದನಿ ಬರುತ್ತಿತ್ತು, ಅಷ್ಟು ಕಡಿಮೆ ಬಳಕೆ.

ಹಾಗಾಗಿ ಹೊರಗಿನ ಸದ್ದು ಬರದಿರಲಿ ಅಂತ ಕಂಬಳಿ ಮುಸುಕಿನೊಳಗೆ ಮೈಕು ಹಿಡಿದು, ಐದೂ ಜನ ನಾನೇ ಆದೆ. ಅಪ್ಪನಿಗೆ ನನ್ನ ದನಿ ಇದ್ದ ಹಾಗೇ. ಅಮ್ಮನಿಗೆ ಅದನ್ನೇ ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ತೆಳುಮಾಡಿ ಏರಿಸಿದೆ. ಮಗುವಿಗೆ ಇನ್ನೂ ಏರಿಸಿದೆ. ತಾತನಿಗೆ ಇಳಿಸಿ ಕೆಮ್ಮು ಸೇರಿಸಿದೆ. ಅತ್ತೆಗೆ ಮೂಗು ಹಿಡಿದುಕೊಂಡು ಮಾತಾಡಿದೆ. ಮಗು ಓಡುವ ಸದ್ದಿಗೆ ನೆಲದ ಮೇಲೆ ಅಂಗೈಯಲ್ಲಿ ಓಡಿದೆ. ಅಮ್ಮನ ಸೊಂಟದ ಬೀಗದ ಕೈ ಗೊಂಚಲಿಗೆ ಎರಡು ಚಮಚ, ಒಂದು ಸೇಫ್ಟಿಪಿನ್ನು. ಹೇಳಬಾರದು, ಸಂಸಾರ ಚೆನ್ನಾಗಿಯೇ ಬಂತು. ಎರಡನೇ ದಿನದ ಹೊತ್ತಿಗೆ ಅತ್ತೆಯನ್ನು ಕಂಡರೆ ಅಮ್ಮನಿಗೆ ಆಗುತ್ತಿರಲಿಲ್ಲ.

ಎಡವಟ್ಟಾಗಿದ್ದು ಹೆಡ್‌ಫೋನಿನಿಂದ. ಅದರ ಬಲಗಿವಿ ಸತ್ತುಹೋಗಿತ್ತು. ಎಡಗಡೆಯ ಶಬ್ದವನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಬಲಗಡೆಯದನ್ನು ಒಂದು ಪುಟ್ಟ ಸ್ಪೀಕರಿಗೆ ತಿರುಗಿಸಿದ್ದೆ. ಚಿತ್ರದಲ್ಲಿ ಅಪ್ಪ ಎಡಕ್ಕೆ ಕೂತಿದ್ದಾನೆ, ಉಳಿದ ನಾಲ್ವರು ಬಲಕ್ಕೆ. ಪರಿಣಾಮ: ಅಪ್ಪ ಆಡಿದ ಮಾತೆಲ್ಲ ನನ್ನ ಎಡಗಿವಿಯೊಳಗೇ ಮುಗಿಯುತ್ತಿತ್ತು. ಉಳಿದ ನಾಲ್ವರದು ಬೀದಿಗೆಲ್ಲ ಕೇಳಿಸುತ್ತಿತ್ತು. ಕೆಳಗಿನವರ ಪಾಲಿಗೆ ಇದು ಹೆಂಡತಿ ಗೋಗರೆದರೂ, ಮಗು ಕರೆದರೂ, ಮುದುಕ ಕೆಮ್ಮಿ ಕೆಮ್ಮಿ ಸತ್ತರೂ ಒಂದು ಮಾತಾಡದ ಪಾಷಾಣಹೃದಯಿ ಗಂಡನ ಮನೆ. ಒಂದೊಂದು ತುಣುಕನ್ನು ನಾನು ಮೂವತ್ತು ಸಲ ಹಾಕಿ ಕೇಳುತ್ತಿದ್ದರಿಂದ, ಆ ಮಗು ದಿನಕ್ಕೆ ಮುನ್ನೂರು ಸಲ ಅಪ್ಪಾ ಅಂದಿರಬೇಕು.

ದನಿಗಳನ್ನು ನಮ್ಮ ಸೌಂಡ್ ಮೇಷ್ಟ್ರು ಒಪ್ಪಿದರು. ಅವರು ಕಣ್ಣು ಮುಚ್ಚಿ ಕೇಳುವ ಜಾತಿ. "ಮನೆಯವ್ರು ಚೆನ್ನಾಗಿ ಮಾಡಿದಾರಯ್ಯಾ. ಅದರಲ್ಲೂ ನಿಮ್ಮತ್ತೆ!" ಅಂದರು. ಆಮೇಲೆ ಕೊನೆಯ ನಲವತ್ತು ಸೆಕೆಂಡು ಬಂತು. ಖಾಲಿ ಕೋಣೆಯಲ್ಲಿ ಮೈಕು ಇಟ್ಟು ನಾನು ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಿದ್ದ ಮೌನ. ಮೇಷ್ಟ್ರು ಕಣ್ಣು ತೆರೆದರು.

"ಇದು ಒಬ್ಬನೇ ಇರೋ ರೂಮಿನ ಮೌನ. ಐದು ಜನ ಇದ್ದೂ ಮಾತಾಡದೇ ಇರೋದು ಬೇರೆ. ಅದನ್ನ ತಗೊಂಬಾ. ಗುರುವಾರ ಸಂಜೆ ಐದಕ್ಕೆ ಸಿಗದಿದ್ರೆ ನಿಮ್ಮ ಸಿನಿಮಾ ತೋರ್ಸಲ್ಲ, ನಿನ್ನ ಪಾಸೂ ಮಾಡಲ್ಲ."

"ಐದು ಜನಾನ ಕೂರಿಸಿ ಸುಮ್ನಿರಿ ಅಂದ್ರಾಯ್ತು. ನಿಮ್ಮನೇಲೇ ಇದಾರಲ್ಲ!" ಅಂದಳು ಡೈರೆಕ್ಟರು.

"ತಾತಂಗೆ ಹುಷಾರಿಲ್ಲ," ಅಂದೆ. ಅದು ಶನಿವಾರ. ಭಾನುವಾರ ಅತ್ತೆಯನ್ನು ಊರಿಗೆ ಕಳಿಸಿದೆ. ಸೋಮವಾರ ಮಗುವಿಗೆ ಜ್ವರ ಬರಿಸಿದೆ.

ನಡುವೆ ಪ್ರಯತ್ನ ಬಿಡಲಿಲ್ಲ. ಲೈಬ್ರರಿಯಲ್ಲಿ ರೆಕಾರ್ಡರ್ ಇಟ್ಟೆ. ಅದು ಪರಸ್ಪರ ಪರಿಚಯ ಇಲ್ಲದವರ ಮೌನ, ಬೇಡ ಅಂದರು ಮೇಷ್ಟ್ರು. ನನ್ನ ಕೋಣೆಯ ಮೌನವನ್ನೇ ಐದು ಸಲ ರೆಕಾರ್ಡ್ ಮಾಡಿ, ಮಂಚದ ಮೇಲೊಮ್ಮೆ, ನೆಲದಲ್ಲೊಮ್ಮೆ, ಮೂಲೆಯಲ್ಲೊಮ್ಮೆ ಕೂತು, ಒಂದರ ಮೇಲೊಂದು ಪೇರಿಸಿದೆ. ಅದು ಐದು ಜನರ ಮೌನ ಆಗಲಿಲ್ಲ. ನಾನು ಐದು ಪಟ್ಟು ಒಬ್ಬನೇ ಇದ್ದ ಹಾಗೆ ಕೇಳಿಸಿತು.

ಈಗ ಬುಧವಾರ. ಚಿಕ್ಕಮ್ಮ ಬಸ್ಸಿನಲ್ಲಿ ಹೊರಟಿದ್ದಳು.

ಸರಿಯಾಗಿ ಎರಡಕ್ಕೆ ಬಾಗಿಲು ಬಡಿದರು. ತೆಗೆದರೆ ಓನರು. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಎಲ್ಲರೂ ಈಗಲೂ ಕರೆಯುವುದು ಕಂಡಕ್ಟರ್ರು ಅಂತಲೇ. ಅವರ ಹಿಂದೆ ಪಕ್ಕದ ರೂಮಿನಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡಿರುವ ಟೈಲರ್ ಅಕ್ಕ. ಅವರ ಹಿಂದೆ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ದಪ್ಪ ಪುಸ್ತಕ ಹಿಡಿದ ಒಬ್ಬರು ಮೇಡಂ.

"ಒಳಗೆ ಎಷ್ಟು ಜನ?" ಅಂದರು ಕಂಡಕ್ಟರ್ರು.

"ಒಬ್ನೇ ಸಾರ್."

"ನನ್ನ ಹತ್ರ ಬೇಡ ಮರಿ. ಕಿಕ್ಕಿರಿದ ಬಸ್ಸಲ್ಲಿ ಸೀಟ್ ಕೆಳಗೆ ಬಚ್ಚಿಟ್ಕೊಂಡೋರನ್ನ ಉಸಿರಾಟದಲ್ಲೇ ಹಿಡಿದೋನು ನಾನು. ರೂಮ್ ಕೊಟ್ಟಿದ್ದು ಒಬ್ಬಂಗೆ. ಕೆಳಗೆ ಕೂತು ಎಣಿಸಿದೀನಿ, ಐದು ಜನದ ಹೆಜ್ಜೆ. ಒಂದು ಟಿಕೆಟ್ಟಿಗೆ ಐದು ಜನ! ಇವತ್ತು ಸರ್ಕಾರದೋರೇ ಬಂದಿದಾರೆ, ಇವ್ರ ಮುಂದೆ ಹೇಳು."

"ನಾನು ಮನೆ ಮನೆ ಎಣಿಕೆಗೆ ಬಂದಿರೋದು, ಅಷ್ಟೇ," ಅಂದರು ಮೇಡಂ ಗಾಬರಿಯಿಂದ. "ಕುಟುಂಬದ ಸದಸ್ಯರು ಎಷ್ಟು ಅಂತ ಹೇಳಿದ್ರೆ ಬರ್ಕೊಂಡು ಹೋಗ್ತೀನಿ."

"ಒಂದು," ಅಂದೆ ನಾನು.

"ಐದು," ಅಂದರು ಕಂಡಕ್ಟರ್ರು.

"ಪಾಪ ಆ ಮಗು ಎಲ್ಲಪ್ಪಾ?" ಅಂತ ಟೈಲರ್ ಅಕ್ಕ ಸೀದಾ ಒಳಗೆ ಬಂದು ಮಂಚದ ಕೆಳಗೆ ಬಗ್ಗಿದರು. "ಹೋದ ವಾರದಿಂದ ಕೇಳಿ ಕೇಳಿ ನನ್ನ ಕೈಲಿ ಒಂದು ಕಾಲರ್ ನೆಟ್ಟಗೆ ಬರ್ತಿಲ್ಲ. ಅಪ್ಪಾ ಅಂದ್ರೆ ಓ ಅನ್ನೋಕೆ ಏನಪ್ಪಾ ರೋಗ ನಿಂಗೆ?"

"ಅಕ್ಕಾ, ಅದು ನನ್ನ ಮಗು ಅಲ್ಲ."

"ಹೆತ್ತ ಮಗೂನೇ ಇಲ್ಲ ಅಂತೀಯಲ್ಲೋ! ಥೇಟ್ ನಿನ್ನ ದನಿ ಕಣೋ ಅದಕ್ಕೆ! ನಿನ್ನ ತರಾನೇ ಮಾತಿನ ಕೊನೇಲಿ ರಾಗ ಎಳೆಯುತ್ತೆ!"

ಇದನ್ನು ಅಲ್ಲಗಳೆಯುವುದು ಕಷ್ಟವಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಟೋಪಿ ಕಾಣಿಸಿತು. ಡೈರೆಕ್ಟರು! ಕಾಲೇಜಿನ ಆಫೀಸಿನಲ್ಲಿ ನನ್ನ ವಿಳಾಸ ಕೇಳಿಕೊಂಡು ಬಂದಿದ್ದಳು.

"ಅಂತೂ ಸಿಕ್ಕಿದ್ಯಲ್ಲೋ ಸೌಂಡು! ನಾಳೆ ಐದಕ್ಕೆ ಕೊಡ್ಬೇಕು, ನೆನಪಿದ್ಯಾ? ನಾನೇ ಮೈಕ್ ಹಿಡೀತೀನಿ. ಎಲ್ಲಿ ನಿಮ್ಮನೆಯವ್ರು? ಐದೂ ಜನ ಇದಾರೆ ತಾನೆ?"

"ಬರ್ಕೊಳಿ ಮೇಡಂ!" ಎಂದು ಕೂಗಿದರು ಕಂಡಕ್ಟರ್ರು. "ಸಾಕ್ಷಿ ಸಿಕ್ತು! ಐದು!"

ಮೇಡಂ ಪೆನ್ನು ತೆಗೆದರು. ನಾನು ನಡುವೆ ನಿಂತೆ. ಈ ಕಡೆಯವರಿಗೆ ಐದು ಜನ ಇದ್ದಾರೆ ಅಂದರೆ ರೂಮು ಹೋಗುತ್ತದೆ. ಆ ಕಡೆಯವಳಿಗೆ ಯಾರೂ ಇಲ್ಲ ಅಂದರೆ ಮಾನ ಹೋಗುತ್ತದೆ. "ಇದ್ರು..." ಅಂದೆ. "ಈಗ ತಾನೆ..." ಅಂದೆ. ಕೈಯಿಂದ ಆಕಾಶದ ಕಡೆಗೇನೋ ತೋರಿಸಿದೆ. ಟೈಲರ್ ಅಕ್ಕ ಎದೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ! ಎಲ್ರೂ ಹೋಗ್ಬಿಟ್ರಾ?"

"ಬಸ್ಸಿಗೆ ಹೋದ್ರು ಅಂತ ಹೇಳ್ತಿದಾನೆ," ಎಂದು ಕಂಡಕ್ಟರ್ರು ಗದರಿದರು. "ಯಾವ ಬಸ್ಸು? ಎಷ್ಟು ಗಂಟೇದು?"

ಆ ಪ್ರಶ್ನೆಗೆ ಉತ್ತರವಾಗಿ ಬಸ್ಸಿಂದಿಳಿದ ಚಿಕ್ಕಮ್ಮ ಮೆಟ್ಟಿಲು ಹತ್ತಿ ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬಣ್ಣದ ಚೆಂಡು. ನನ್ನ ಕಡೆ ನೋಡಲಿಲ್ಲ. ಬಾಗಿಲಲ್ಲಿದ್ದ ಡೈರೆಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವಳೇನಾ?"

"ನಮಸ್ತೆ ಆಂಟಿ, ನಾನು ಡೈರೆಕ್ಟರು..."

"ಏನಾದ್ರೂ ಆಗಿರು, ಇಲ್ಲಿ ಬಾ ಮಗಳೇ." ಚಿಕ್ಕಮ್ಮ ಅವಳ ಟೋಪಿ ಮೇಲೆತ್ತಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ನಾಲಿಗೆ ತೆಗೆಸಿದಳು. "ರಕ್ತ ಕಮ್ಮಿ ಇದೆ. ಮಾತಾಡ್ಸದೇ ಇದ್ರೆ ಹೀಗೇ ಆಗೋದು. ಮಗು ಯಾವ ಸ್ಕೂಲು?"

ಡೈರೆಕ್ಟರು ನಾಲಿಗೆ ಹೊರಗಿಟ್ಟುಕೊಂಡೇ ನನ್ನ ಕಡೆ ತಿರುಗಿದಳು. ಈಗ ಐವರೂ ನನ್ನನ್ನೇ ನೋಡುತ್ತಿದ್ದರು. ಆ ಕೋಣೆಯಲ್ಲಿ ಅಷ್ಟು ಕಣ್ಣುಗಳನ್ನು ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಬೇರೆ ದಾರಿ ಇರಲಿಲ್ಲ. "ಎಲ್ರೂ ಕೂತ್ಕೊಳಿ," ಅಂದೆ. ಚಿಕ್ಕಮ್ಮ ಮತ್ತು ಟೈಲರ್ ಅಕ್ಕ ಮಂಚದ ಮೇಲೆ, ಎಣಿಕೆ ಮೇಡಂ ಕುರ್ಚಿಯಲ್ಲಿ, ಡೈರೆಕ್ಟರು ನೆಲದ ಮೇಲೆ ಕೂತರು. ಕಂಡಕ್ಟರ್ರು ಅಭ್ಯಾಸಬಲದಿಂದ ಬಾಗಿಲಿಗೆ ಒರಗಿ ನಿಂತರು. ನಾನು ಲ್ಯಾಪ್‌ಟಾಪ್ ತೆರೆದು ಸ್ಪೀಕರಿನಲ್ಲಿ ಬಲಗಡೆಯದನ್ನು ಮಾತ್ರ ಹಾಕಿದೆ.

"ರೀ, ಏನಾದ್ರೂ ಹೇಳ್ರೀ... ಅಪ್ಪಾ, ಅಪ್ಪಾ... ಖೊ ಖೊ..."

"ಇದೇ! ಇದೇ! ಮಂಚದ ಕೆಳಗಲ್ಲ, ಡಬ್ಬೀಲಿಟ್ಟಿದಾನೆ!" ಅಂದರು ಟೈಲರ್ ಅಕ್ಕ.

ಆಮೇಲೆ ಎರಡೂ ಕಡೆಯದನ್ನು ಸೇರಿಸಿ ಹಾಕಿದೆ. ಅಪ್ಪ ಮಾತಾಡಿದ. ಮಗುವಿಗೆ ಓ ಅಂದ. ತಾತನಿಗೆ ನೀರು ಕೊಟ್ಟ. ಟೈಲರ್ ಅಕ್ಕನ ಮುಖ ಅರಳಿತು. "ಮಾತಾಡ್ತಾನೆ! ಪಾಪ, ಒಳ್ಳೇವ್ನೇ!"

"ಅಪ್ಪ ನೀನು ಅಂತ ಗೊತ್ತಾಯ್ತು," ಅಂದಳು ಡೈರೆಕ್ಟರು ನಿಧಾನವಾಗಿ. "ಮಿಕ್ಕವ್ರು ಯಾರು?"

ಉತ್ತರ ಹೇಳುವ ಬದಲು, ಇನ್ನೂ ಏರಿಸದ, ಇಳಿಸದ ಮೂಲ ರೆಕಾರ್ಡಿಂಗುಗಳನ್ನು ಒಂದಾದ ಮೇಲೊಂದು ಹಾಕಿದೆ. ನನ್ನದೇ ದನಿಯಲ್ಲಿ, "ರೀ, ಏನಾದ್ರೂ ಹೇಳ್ರೀ." ನನ್ನದೇ ದನಿಯಲ್ಲಿ ಅತ್ತೆ ತಟ್ಟೆಗೆ ಇನ್ನಷ್ಟು ಬಡಿಸುವುದು. ನನ್ನದೇ ದನಿಯಲ್ಲಿ ಬೇಡ ಬೇಡ ಅನ್ನುವುದು. ಕೊನೆಗೆ ನನ್ನದೇ ದಪ್ಪ ಗಂಟಲಲ್ಲಿ, "ಅಪ್ಪಾ... ಅಪ್ಪಾ... ಅಪ್ಪಾ..." ಹದಿನೇಳು ಸಲ ಇತ್ತು. ಒಂದೂ ಸರಿ ಬಂದಿರಲಿಲ್ಲ ಅಂತ ಮತ್ತೆ ಮತ್ತೆ ಹೇಳಿದ್ದೆ.

ರೆಕಾರ್ಡಿಂಗು ಮುಗಿಯಿತು.

"ನಮ್ಮನೇಲಿ ಯಾರೂ ಇಲ್ಲ ಡೈರೆಕ್ಟರೇ. ಸುಳ್ಳು ಹೇಳಿದ್ದೆ. ಎಲ್ಲಾ ನಾನೇ," ಅಂದೆ.

ಯಾರೂ ಮಾತಾಡಲಿಲ್ಲ.

ಚಿಕ್ಕಮ್ಮ ಮಡಿಲಲ್ಲಿದ್ದ ಚೆಂಡನ್ನು ನೋಡುತ್ತ ಕೂತಳು. ಎಣಿಕೆ ಮೇಡಂ ಪುಸ್ತಕ ಮುಚ್ಚಿದರು, ಸದ್ದಾಗದ ಹಾಗೆ. ಟೈಲರ್ ಅಕ್ಕನ ಉಸಿರು ಒಮ್ಮೆ ದೀರ್ಘವಾಗಿ ಒಳಗೆ ಹೋಗಿ ಅಲ್ಲೇ ನಿಂತಿತು. ಮಂಚ ಸಣ್ಣಗೆ ಕಿರ್ರೆಂದಿತು. ಬಾಗಿಲಿಗೆ ಒರಗಿದ್ದ ಕಂಡಕ್ಟರ್ರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಹೊಲಿಗೆ ಮಿಷಿನ್ನಿನ ಸದ್ದಿಲ್ಲ, ಬೀದಿಯಲ್ಲಿ ಗಾಡಿ ಇಲ್ಲ. ಐದು ಜನ ಏನೋ ಹೇಳಬೇಕು ಅಂದುಕೊಂಡು, ಏನು ಹೇಳುವುದು ಅಂತ ತಿಳಿಯದೆ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ನನ್ನ ಗೋಡೆಗಳೇ ಬೇರೆ ಥರ ಕೇಳಿಸುತ್ತಿದ್ದವು, ಸ್ವಲ್ಪ ಹತ್ತಿರ ಬಂದ ಹಾಗೆ.

ಡೈರೆಕ್ಟರು ಮೊದಲು ತಲೆ ಎತ್ತಿದಳು. ಅವಳ ಕಣ್ಣು ದೊಡ್ಡದಾಗಿತ್ತು.

"ಸೌಂಡು," ಅಂದಳು ಪಿಸುದನಿಯಲ್ಲಿ, "ಇದೇ ಕಣೋ! ಇದೇ ಬೇಕಾಗಿದ್ದಿದ್ದು! ರೆಕಾರ್ಡ್ ಆಯ್ತಾ?"

ರೆಕಾರ್ಡರು ಮೇಜಿನ ಮೇಲೆ ಇತ್ತು. ಮೈಕು ಸರಿಯಾಗಿ ಮಂಚದ ಕಡೆ ತಿರುಗಿತ್ತು. ಬ್ಯಾಟರಿ ತುಂಬಿತ್ತು. ಕೆಂಪು ಗುಂಡಿಯನ್ನು ಮಾತ್ರ ನಾನು ಒತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯನನ್ನು ಬೈಯಲು ಭಾಷೆಯಲ್ಲಿ ಸಾಕಷ್ಟು ಪದಗಳಿವೆ. ಡೈರೆಕ್ಟರು ಅವುಗಳಲ್ಲಿ ಮುಕ್ಕಾಲು ಪಾಲು ಬಳಸಿದಳು. ಉಳಿದ ಕಾಲು ಭಾಗ ಚಿಕ್ಕಮ್ಮ ಹೇಳಿದಳು. ನಲವತ್ತು ಸೆಕೆಂಡಿನ ವಿಷಯವನ್ನೆಲ್ಲ ನಾನು ಬಿಡಿಸಿ ಹೇಳಿದ ಮೇಲೆ ಕಂಡಕ್ಟರ್ರು ಮುಂದೆ ಬಂದರು.

"ಇಷ್ಟೇನಾ? ಸುಮ್ನಿರೋದು ತಾನೆ? ಎಲ್ರೂ ಅವರವರ ಜಾಗದಲ್ಲೇ ಇರಿ. ಒತ್ತಪ್ಪಾ ಗುಂಡಿ. ರೈಟ್!"

ಒತ್ತಿದೆ. ಏಳನೇ ಸೆಕೆಂಡಿಗೆ ಟೈಲರ್ ಅಕ್ಕನಿಗೆ ನಗು ಬಂತು. ಎರಡನೇ ಸಲ ಹನ್ನೆರಡನೇ ಸೆಕೆಂಡಿಗೆ ಎಣಿಕೆ ಮೇಡಂ, "ಸಾರಿ, ಮನೆಗೆ ಕರೆಂಟಿನ ಸೌಲಭ್ಯ ಇದೆ ಅಲ್ವಾ? ಕೇಳೋದು ಮರ್ತಿದ್ದೆ," ಅಂದರು. ಮೂರನೇ ಸಲ ಮೂವತ್ತೊಂದರವರೆಗೆ ಬಂತು. ಮೂವತ್ತೆರಡಕ್ಕೆ ಚಿಕ್ಕಮ್ಮ, "ಊಟ ಮಾಡಿದ್ಯೇನೋ?" ಅಂದಳು.

"ಚಿಕ್ಕಮ್ಮಾ!"

"ಎಷ್ಟೊತ್ತು ಅಂತ ಸುಮ್ನಿರ್ಲಿ? ಗಲ್ಲ ಒಳಗೋಗಿದೆ ನಿಂದು!"

ನಾಲ್ಕನೇ ಸಲ ಕಂಡಕ್ಟರ್ರು ಸೆಕೆಂಡುಗಳನ್ನು ತುಟಿಯಲ್ಲೇ ಎಣಿಸುತ್ತಿರುವುದು ಮೈಕಿಗೆ ಕೇಳಿಸಿತು. ಐದನೇ ಸಲ ಯಾರೂ ತಪ್ಪು ಮಾಡಲಿಲ್ಲ. ಆದರೆ ಎಲ್ಲರೂ ಫೋಟೋಗೆ ಕೂತ ಹಾಗೆ ಉಸಿರು ಬಿಗಿಹಿಡಿದಿದ್ದರಿಂದ ಅದು ಯಾರೂ ಇಲ್ಲದ ರೂಮಿನ ಹಾಗೇ ಬಂತು. ಡೈರೆಕ್ಟರು ತಲೆಯಾಡಿಸಿದಳು. ಆರನೆಯದಕ್ಕೆ ಸಿದ್ಧವಾಗುವಾಗ ಕೆಳಗೆ ಕಂಡಕ್ಟರ್ರ ಮನೆಯ ನೀರಿನ ಪಂಪು ಶುರುವಾಯಿತು.

"ಇದು ಕತ್ತಲಾಗೋವರ್ಗೂ ನಿಲ್ಲಲ್ಲ," ಅಂದರು ಅವರು ತಪ್ಪಿತಸ್ಥರ ಹಾಗೆ. "ಟ್ಯಾಂಕು ದೊಡ್ಡದು."

ಎಣಿಕೆ ಮೇಡಂ ಎದ್ದು ಪುಸ್ತಕ ತೆರೆದರು. ನನ್ನ ಮುಖ ನೋಡಿದರು. "ಒಂದು ಅಂತಲೇ ಬರೀಲಾ?" ಅಂದರು. ನಾನು ಹೂಂ ಅಂದೆ. ಬರೆದುಕೊಂಡು, ಯಾಕೋ ಒಂದು ಸಲ ನನ್ನ ಭುಜ ತಟ್ಟಿ ಬಾಗಿಲಿಗೆ ಹೋದರು.

"ಮೇಡಂ, ನಿಲ್ಲಿ!" ಅಂದರು ಕಂಡಕ್ಟರ್ರು. "ನೀವು ಹೋದ್ರೆ, ಮೈಕ್ ನೋಡ್ಕೊಳೋ ಇವನನ್ನ ಬಿಟ್ಟು ನಾಲ್ಕೇ ಜನ ಆಗ್ತೀವಿ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಬರ್ಬೇಕು. ನಾನು ಪಂಪ್ ಹಾಕ್ಸಲ್ಲ. ಟೈಲರಮ್ಮ ಮಿಷಿನ್ ತುಳಿಯಲ್ಲ. ಐದು ನಿಮಿಷ ಮುಂಚೇನೇ ಬನ್ನಿ."

"ನಾಳೆ ನಂಗೆ ಪಕ್ಕದ ಬೀದಿ," ಅಂದರು ಮೇಡಂ. ಸ್ವಲ್ಪ ಯೋಚಿಸಿದರು. "ಹನ್ನೊಂದಕ್ಕಾ? ಬರ್ತೀನಿ."

"ಈ ಸಲ ಗುಂಡಿ ನಾನು ಒತ್ತೋದು," ಅಂದಳು ಡೈರೆಕ್ಟರು. "ಯಾವಾಗ ಒತ್ತಿದೆ ಅಂತ ಯಾರಿಗೂ ಹೇಳಲ್ಲ. ನೀವು ನಿಮ್ಮ ಪಾಡಿಗೆ ಏನೋ ಮಾತಾಡ್ಕೊಂಡಿರಿ."

"ಮಾತು ನಿಲ್ಲೋದು ಯಾವಾಗ ಮತ್ತೆ?" ಅಂದರು ಟೈಲರ್ ಅಕ್ಕ.

"ತಾನಾಗೇ ನಿಲ್ಲುತ್ತೆ ಬಿಡಿ ಅಕ್ಕಾ. ನಿಲ್ಲೋವರ್ಗೂ ಕಾಯೋಣ."

ಚಿಕ್ಕಮ್ಮ ಆಗಲೇ ಕಿಟಕಿಯ ಹತ್ತಿರ ಹೋಗಿ ಆಸ್ಪತ್ರೆಗೆ ಫೋನು ಹಚ್ಚಿದ್ದಳು. ಪಂಪಿನ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಕೂಗುತ್ತಿದ್ದಳು.

"ಹಲೋ ಸಿಸ್ಟರ್? ನಂಗೆ ನಾಳೇನೂ ರಜಾ ಬೇಕು... ಇಲ್ಲ, ಇಲ್ಲ, ಯಾರಿಗೂ ಏನೂ ಆಗಿಲ್ಲ... ಮಗನ ರೂಮಲ್ಲಿ ಕೂತ್ಕೋಬೇಕು... ಕೆಲಸ ಏನೂ ಇಲ್ರೀ, ಸುಮ್ನೆ ಕೂತ್ಕೊಳೋದು... ಹೂಂ, ಬೇರೆಯವ್ರೂ ಬರ್ತಾರೆ... ಹನ್ನೊಂದಕ್ಕೆ."